ಎಕ್ಕದ ಎಲೆಯ ಪನೀರು: ಪರಾಕು ಪೇಟೆಯ ಒಂದು ಹೆಸರಿಲ್ಲದ ಹೋಟೆಲು

ಈ ಹೋಟೆಲಿಗೆ ಬೋರ್ಡಿಲ್ಲ, ಹೆಸರೂ ಇಲ್ಲ. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದಲ್ಲಿ ಪರಾಕು ಅಂತ ಒಂದು ಪೇಟೆ ಇದೆ. ಅಲ್ಲಿನ ಅರ್ಜೆಕೆ ಮಾರುಕಟ್ಟೆಯಿಂದ ಐದು ನಿಮಿಷ ನಡೆದರೆ ಒಂದು ಮಾವಿನ ಮರ, ಅದರ ಅಡಿಯಲ್ಲಿ ತಗಡಿನ ಮಾಡು, ನಾಲ್ಕು ಬೆಂಚು. ಬೆಳಗ್ಗೆ 11 ಗಂಟೆ ಹೊತ್ತಿಗೆ ಧಡ್ ಧಡ್ ಅಂತ ಒನಕೆ ಸದ್ದು ಕೇಳಿದರೆ ಅದೇ ಜಾಗ. 2023ರ ಜನವರಿ ಕೊನೆಯಿಂದ ಜೂನ್ ಮೊದಲ ವಾರದವರೆಗೆ ರಂಜಾನ್ ತಿಂಗಳ ಹಗಲು ಬಿಟ್ಟರೆ ನಾನು ಹೆಚ್ಚುಕಮ್ಮಿ ದಿನಾ ಅಲ್ಲೇ ಉಂಡಿದ್ದೇನೆ.

ನಾನು ಪುತ್ತೂರು ಕಡೆಯವನು. ಗೇರುಬೀಜದ ಗುಣಮಟ್ಟ ನೋಡುವುದು ನನ್ನ ಕೆಲಸ. ಮನೆಯಲ್ಲಿ ಮೀನು ಮಾಂಸ ಇಲ್ಲ, ನಾನೂ ತಿನ್ನುವುದಿಲ್ಲ. ಸೀಸನ್ನಿಗೆ ಆಫ್ರಿಕಾಕ್ಕೆ ಹೊರಟ ನಮ್ಮ ಕಡೆಯ ಹುಡುಗರು ಫೋನ್ ಮಾಡಿ ಮೊದಲು ಕೇಳುವುದೇ, "ಅಣ್ಣಾ, ಅಲ್ಲಿ ಊಟಕ್ಕೆ ಏನು ಮಾಡಿದಿರಿ?" ಎಂದು. ಹೆಚ್ಚಿನವರು ಕುಕ್ಕರು, ಉಪ್ಪಿನಕಾಯಿ, ಹತ್ತು ಕಿಲೋ ಕುಚ್ಚಲಕ್ಕಿ ಹೊತ್ತುಕೊಂಡು ಹೋಗುತ್ತಾರೆ. ನಾನೂ ಹೊತ್ತಿದ್ದೆ. ಅಕ್ಕಿಯಲ್ಲಿ ಅರ್ಧ ಹಾಗೇ ಉಳಿಯಿತು. ಅದಕ್ಕೆ ಕಾರಣ ಈ ಹೋಟೆಲು, ಅದರಲ್ಲೂ ಇಲ್ಲಿ ಸಿಗುವ ವಗಾಸಿ.

ವಗಾಸಿ ಅಂದರೆ ಅಲ್ಲಿನ ಪನೀರು. ಅಂಗೈ ಅಗಲದ ದುಂಡನೆಯ ಬಿಲ್ಲೆ. ಹೊರಗೆ ಕೆಂಪು, ಒಳಗೆ ಬಿಳಿ. ದಪ್ಪ ಹೋಳು ಮಾಡಿ ಶೇಂಗಾ ಎಣ್ಣೆಯಲ್ಲಿ ಕರಿಯುತ್ತಾರೆ. ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಹೊರಗಡೆ ಗರಿಗರಿ ಸಿಪ್ಪೆ ಕಟ್ಟುತ್ತದೆ, ಒಳಗೆ ಮೆತ್ತಗೆ. ಹಲ್ಲಿಗೆ ಸಿಕ್ಕಾಗ ಸ್ವಲ್ಪ ಕಿರ್ ಅನ್ನುತ್ತದೆ. ನಮ್ಮ ಪನೀರಿಗಿಂತ ಉಪ್ಪು ಜಾಸ್ತಿ, ಹಾಲಿನ ರುಚಿಯೂ ಜಾಸ್ತಿ.

ಇದರ ಜೊತೆಗೆ ಕುಟ್ಟಿದ ಗೆಣಸು. ನಮ್ಮ ತೂಣಗೆಣಸಿನ ಜಾತಿಯದೇ, ಆದರೆ ಒಂದೊಂದು ಗೆಡ್ಡೆ ತೊಡೆಯಷ್ಟು ದಪ್ಪ. ಬೇಯಿಸಿ, ಸೊಂಟದೆತ್ತರದ ಮರದ ಒರಳಿಗೆ ಹಾಕಿ, ಮೂರು ಹೆಂಗಸರು ಸುತ್ತ ನಿಂತು ಒಬ್ಬರ ಹಿಂದೆ ಒಬ್ಬರಂತೆ ಒನಕೆ ಹಾಕುತ್ತಾರೆ. ಒಂದು ಪೆಟ್ಟೂ ತಪ್ಪುವುದಿಲ್ಲ. ಚಿಕ್ಕವಳಿದ್ದಾಗ ಅವಲಕ್ಕಿ ಕುಟ್ಟುತ್ತಿದ್ದುದನ್ನು ನನ್ನಮ್ಮ ಹೇಳುತ್ತಿದ್ದರು, ಅದನ್ನು ನಾನು ಕಣ್ಣಾರೆ ಕಂಡದ್ದು ಪರಾಕುವಿನಲ್ಲಿ. ಹತ್ತು ನಿಮಿಷದಲ್ಲಿ ಗಂಟಿಲ್ಲದ, ಬೆಳ್ಳಗಿನ, ಎಳೆದರೆ ಹಿಗ್ಗುವ ಮುದ್ದೆ ತಯಾರು. ರಾಗಿ ಮುದ್ದೆ ಉಣ್ಣುವವರಿಗೆ ಇದನ್ನು ಕಲಿಸಬೇಕಾಗಿಲ್ಲ. ಬಲಗೈಯಲ್ಲಿ ಚಿವುಟಿ, ಸಾರಿನಲ್ಲಿ ಅದ್ದಿ ನುಂಗುವುದು. ಸಾರು ಶೇಂಗಾದ್ದು: ಹುರಿದು ರುಬ್ಬಿದ ಶೇಂಗಾ, ಟೊಮೆಟೊ, ಈರುಳ್ಳಿ, ಮೆಣಸು. ಮೇಲೆ ಎಣ್ಣೆ ತೇಲುವವರೆಗೆ ಕುದಿಸುತ್ತಾರೆ. ನಾನಿದ್ದಾಗ ಮುದ್ದೆಗೆ 300 ಫ್ರಾಂಕ್, ಎರಡು ತುಂಡು ವಗಾಸಿಗೆ 200 ಇತ್ತು. ಸಾರಿಗೆ ಬೇರೆ ದುಡ್ಡಿರಲಿಲ್ಲ. ಆಗ ಒಂದು ರೂಪಾಯಿಗೆ 7 ಫ್ರಾಂಕ್ ಚಿಲ್ಲರೆ ಸಿಗುತ್ತಿತ್ತು. ಅಂದರೆ 70 ರೂಪಾಯಿಗೆ ರಾತ್ರಿವರೆಗೆ ಹಸಿವಾಗದ ಊಟ.

ಮೊದಲ ವಾರ ಹೀಗಿರಲಿಲ್ಲ. ನಾನು ಬೆಂಡೆಕಾಯಿ ಸಾರು ಕೇಳಿದೆ. ಬೆಂಡೆಕಾಯಿಯಲ್ಲಿ ಏನಿರುತ್ತದೆ ಅಂತ ಧೈರ್ಯವಾಗಿ ಎರಡು ತುತ್ತು ತಿಂದ ಮೇಲೆ ಗೊತ್ತಾಯಿತು, ಅದರಲ್ಲಿ ಒಣ ಸಿಗಡಿ ಪುಡಿ ಇತ್ತು. ಅಲ್ಲಿ ಸಿಗಡಿ ಪುಡಿ, ಹೊಗೆ ಹಾಕಿದ ಮೀನು, ಕೋಳಿ ಕ್ಯೂಬು (ಕೋಳಿ ರುಚಿಯ ಒಣ ಮಸಾಲೆ ಬಿಲ್ಲೆ) ಇವೆಲ್ಲ ಒಗ್ಗರಣೆ ಲೆಕ್ಕ. ಯಾರೂ ಅದನ್ನು ಮೀನು ಅಂತ ಎಣಿಸುವುದೇ ಇಲ್ಲ. ನಾನು ತಟ್ಟೆ ಬಿಟ್ಟು ಎದ್ದಾಗ ಹೋಟೆಲಿನ ಯಜಮಾನಿಗೆ ಬಹಳ ಬೇಜಾರಾಯಿತು. ಅವರನ್ನು ಎಲ್ಲರೂ ಮಮಾಂ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ನನ್ನ ಹರಕು ಫ್ರೆಂಚಿನಲ್ಲಿ ವಿವರಿಸಿದೆ. ಮರುದಿನ ನೋಡಿದರೆ ಒಲೆ ಪಕ್ಕ ಒಂದು ಸಣ್ಣ ಅಲ್ಯೂಮಿನಿಯಂ ಪಾತ್ರೆ ಬೇರೆಯೇ ಇಟ್ಟಿದ್ದರು. ಅದರ ಸೌಟೂ ಬೇರೆ. ರುಚಿಗೆ ಕ್ಯೂಬಿನ ಬದಲು ಅಫಿತಿನ್ ಹಾಕಿದ್ದರು. ಅದು ನೆರೆ ಅನ್ನುವ ಕಾಡುಮರದ ಬೀಜವನ್ನು ಬೇಯಿಸಿ ಹುಳಿ ಬರಿಸಿ ಮಾಡುವ ಕಪ್ಪು ಉಂಡೆ. ವಾಸನೆ ಜೋರು. ಎರಡು ದಿನ ಮೂಗು ಮುಚ್ಚಿಕೊಂಡೆ, ಮೂರನೆಯ ದಿನ ನಾನೇ ಕೇಳಿ ಹಾಕಿಸಿಕೊಂಡೆ. ನಾಲ್ಕು ತಿಂಗಳೂ ಆ ಸಣ್ಣ ಪಾತ್ರೆ ನನಗಾಗಿ ಒಲೆ ಮೇಲೆ ಇತ್ತು. ಗುರುತು ಪರಿಚಯ ಇಲ್ಲದ ಒಬ್ಬ ಪರದೇಶಿಗೆ ಯಾರು ಮಾಡುತ್ತಾರೆ ಇಷ್ಟು?

ಈ ವಗಾಸಿ ಎಲ್ಲಿಂದ ಬರುತ್ತದೆ ಅಂತ ನೋಡಬೇಕು ಅನ್ನಿಸಿತು. ಒಂದು ಭಾನುವಾರ ಮಮಾಂ ಅವರಿಗೆ ವಗಾಸಿ ತಂದು ಕೊಡುವ ಫುಲಾನಿ ಹೆಂಗಸಿನ ಜೊತೆ ಎನ್‌ದಾಲಿ ರಸ್ತೆಯಲ್ಲಿರುವ ಅವರ ಹಟ್ಟಿಗೆ ಹೋದೆ. ಫುಲಾನಿಗಳು ದನ ಸಾಕುವವರು. ಮಳೆ, ಮೇವು ನೋಡಿಕೊಂಡು ದನದ ಹಿಂದೆ ಓಡಾಡುತ್ತಾರೆ. ದನ ಗಂಡಸರದ್ದು, ಹಾಲು ಹೆಂಗಸರದ್ದು. ವಗಾಸಿ ಮಾರಿದ ದುಡ್ಡೂ ಹೆಂಗಸರದ್ದೇ.

ಅಲ್ಲಿ ಕಂಡದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಲೆ ಮೇಲೆ ಹಾಲು ಉಗುರು ಬೆಚ್ಚಗೆ ಇತ್ತು. ಆಕೆ ಹಟ್ಟಿಯ ಹಿಂದೆ ಹೋಗಿ ನಾಲ್ಕು ಎಲೆ, ಎರಡು ದಂಟು ಮುರಿದು ತಂದರು. ಬೂದು ಬಣ್ಣದ ದಪ್ಪ ಎಲೆ, ಮುರಿದಲ್ಲಿ ಬೆಳ್ಳಗೆ ಹಾಲು. ನೋಡಿದರೆ ಎಕ್ಕ! ರಥಸಪ್ತಮಿ ದಿನ ತಲೆ ಮೇಲಿಟ್ಟು ಸ್ನಾನ ಮಾಡುತ್ತೇವಲ್ಲ, ಆ ಜಾತಿಯ ಗಿಡವೇ. ಅದರ ಹಾಲು ಕಣ್ಣಿಗೆ ಬಿದ್ದರೆ ಕೆಟ್ಟದ್ದು ಅಂತ ನಮ್ಮನ್ನು ಅಜ್ಜಿ ಆ ಗಿಡದ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಇವರು ಅದನ್ನು ಪುಟ್ಟ ಒರಳಲ್ಲಿ ಜಜ್ಜಿ, ಸ್ವಲ್ಪ ಹಾಲಿನಲ್ಲಿ ಕಿವುಚಿ, ಜರಡಿಯಲ್ಲಿ ಸೋಸಿ, ಆ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರು. ಉರಿ ಸಣ್ಣದು. ಸೌಟು ಆಡಿಸಲಿಲ್ಲ. ಅರ್ಧ ಗಂಟೆಯೊಳಗೆ ಹಾಲು ಗಟ್ಟಿಯಾಗಿ, ಅಂಚಿನಲ್ಲಿ ತೆಳು ಹಸಿರು ನೀರು ಬಿಟ್ಟಿತು. ಆಮೇಲೆ ಚೆನ್ನಾಗಿ ಕುದಿಸಿ, ಸಣ್ಣ ಸಣ್ಣ ಬುಟ್ಟಿಗೆ ಎತ್ತಿ ಹಾಕಿದರು. ನೀರೆಲ್ಲ ಬಸಿದ ಮೇಲೆ ಬಿಲ್ಲೆ.

ಕೆಂಪು ಬಣ್ಣ ಜೋಳದ್ದು. ಒಂದು ಜಾತಿಯ ಜೋಳದ ದಂಟಿನ ಮೇಲಿನ ಒಣ ಸಿಪ್ಪೆಯನ್ನು ನೀರಿಗೆ ಹಾಕಿ ಕುದಿಸಿದರೆ ನೀರು ರಕ್ತದ ಹಾಗೆ ಕೆಂಪಾಗುತ್ತದೆ. ಅದರಲ್ಲಿ ಬಿಲ್ಲೆಗಳನ್ನು ಬೇಯಿಸುತ್ತಾರೆ. ಹೀಗೆ ಮಾಡಿದರೆ ಬೇಗ ಕೆಡುವುದಿಲ್ಲವಂತೆ. ಫ್ರಿಜ್ಜಿಲ್ಲದ ಹಟ್ಟಿಯಲ್ಲಿ, 40 ಡಿಗ್ರಿ ಬಿಸಿಲಲ್ಲಿ, ಹಾಲನ್ನು ಉಳಿಸುವ ಉಪಾಯ ಇದು. ಎಕ್ಕವೂ ನಮ್ಮಲ್ಲಿದೆ, ಜೋಳವೂ ನಮ್ಮಲ್ಲಿದೆ, ದನವೂ ಇದೆ. ನಮಗೆ ಇದು ಹೊಳೆಯಲೇ ಇಲ್ಲ ಅಲ್ವಾ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಓದುವವರಿಗೆ ಒಂದು ಮಾತು: ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ. ಎಕ್ಕದ ಹಾಲು ವಿಷ. ಎಷ್ಟು ಹಾಕಬೇಕು, ಎಷ್ಟು ಕುದಿಸಬೇಕು ಅನ್ನುವ ಅಳತೆ ಅವರ ಕೈಗೆ ಗೊತ್ತು, ನಮಗೆ ಗೊತ್ತಿಲ್ಲ.

ಈ ದೇಶದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಈ ತಟ್ಟೆಯ ಬೆಲೆ ಗೊತ್ತಾಗುವುದಿಲ್ಲ. ಬೆನಿನ್ ನಿಂತ ಕಂಬದ ಹಾಗಿದೆ. ಕೆಳಗೆ ಸುಮಾರು 120 ಕಿ.ಮೀ. ಕರಾವಳಿ, ಅಲ್ಲಿಂದ ಉತ್ತರಕ್ಕೆ ಸುಮಾರು 700 ಕಿ.ಮೀ. ಉದ್ದ. ಪಶ್ಚಿಮಕ್ಕೆ ಟೋಗೊ, ಪೂರ್ವಕ್ಕೆ ನೈಜೀರಿಯಾ, ಮೇಲೆ ಬುರ್ಕಿನಾ ಫಾಸೊ ಮತ್ತು ನೈಜರ್. ಒಟ್ಟು ವಿಸ್ತೀರ್ಣ 1,14,763 ಚದರ ಕಿ.ಮೀ., ನಮ್ಮ ಕರ್ನಾಟಕದ ಹತ್ತರಲ್ಲಿ ಆರು ಪಾಲು. 2013ರ ಜನಗಣತಿಯಲ್ಲಿ ಜನ ಒಂದು ಕೋಟಿ, ಈಗ ಇನ್ನೂ ಹೆಚ್ಚು. ಕಾಗದದ ಮೇಲೆ ರಾಜಧಾನಿ ಪೋರ್ಟೊ ನೊವೊ, ಸರ್ಕಾರ ನಡೆಯುವುದು ಕೊಟೊನುವಿನಲ್ಲಿ. ವಿಮಾನ ಇಳಿಯುವುದು, ಬಂದರು ಇರುವುದು ಎರಡೂ ಕೊಟೊನುವಿನಲ್ಲೇ.

ಕೊಟೊನುವಿನಿಂದ ಪರಾಕು 400 ಕಿ.ಮೀ.ಗೂ ಜಾಸ್ತಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ದೇಶ ನಿಧಾನಕ್ಕೆ ಬದಲಾಗುವುದು ಕಾಣುತ್ತದೆ. ಮೊದಲು ತೆಂಗು, ತಾಳೆ, ಮೆಕ್ಕೆಜೋಳ. ಮಣ್ಣು ನಮ್ಮ ಮುರಕಲ್ಲಿನ ಮಣ್ಣಿನದೇ ಕೆಂಪು. ದಾಸ್ಸಾ ಬಂದಾಗ ರಾಮನಗರದಲ್ಲಿದ್ದ ಹಾಗೆ ದೊಡ್ಡ ದೊಡ್ಡ ಬಂಡೆ ಗುಡ್ಡಗಳು. ಆಮೇಲೆ ಗೇರು ಮರ, ಮಾವು, ಗೆಣಸಿನ ಹೊಲ, ಹತ್ತಿ. ಘಟ್ಟ ಅಂತ ಇಲ್ಲ, ದೇಶದ ಎತ್ತರದ ಗುಡ್ಡವೇ ಸುಮಾರು 650 ಮೀಟರ್. ನಾನು ಹೋದಾಗ ಹರ್ಮತ್ತಾನ್ ಗಾಳಿ ಇತ್ತು. ಸಹಾರಾ ಕಡೆಯಿಂದ ಬೀಸುವ ಒಣ ಗಾಳಿ. ಸೂರ್ಯ ಬೆಳ್ಳಗೆ, ಹಾಲಿನ ಬಿಲ್ಲೆಯ ಹಾಗೆ ಕಾಣುತ್ತಾನೆ. ತುಟಿ ಒಡೆಯುತ್ತದೆ.

ದಕ್ಷಿಣದಲ್ಲಿ ಊಟವೂ ಬೇರೆ. ಅಲ್ಲಿ ಮೆಕ್ಕೆಜೋಳದ ಹಿಟ್ಟಿನ ಪಾತ್, ಹುಳಿ ಬರಿಸಿದ ಅಕಾಸ್ಸಾ, ತಾಳೆ ಎಣ್ಣೆ, ಮೀನು. ಅಲಸಂದೆ ಕಾಳು ರುಬ್ಬಿ ಕರಿದ ವಡೆ ಬೆಳಗ್ಗೆ ರಸ್ತೆ ಬದಿ ಸಿಗುತ್ತದೆ, ಅದನ್ನು ಕಣ್ಣು ಮುಚ್ಚಿ ತಿನ್ನಬಹುದು. ಅಬೊಮೆ ಕಡೆ ಶೇಂಗಾ ಹಿಂಡಿಯನ್ನು ಹೊಸೆದು ಕರಿದು ಕ್ಲುಯಿ ಕ್ಲುಯಿ ಅಂತ ಮಾಡುತ್ತಾರೆ, ಚಕ್ಕುಲಿ ಮುರಿದ ಹಾಗೇ ಸದ್ದು. ಆದರೆ ಕುಟ್ಟಿದ ಗೆಣಸು, ವಗಾಸಿ ಎರಡರಲ್ಲೂ ಉತ್ತರದವರ ಕೈ ಮೇಲೆ. ಈ ಮಾತನ್ನು ಕೊಟೊನುವಿನವರೂ ಒಪ್ಪುತ್ತಾರೆ.

ಮಮಾಂ ಬಾರಿಬಾ ಜನಾಂಗದವರು, ನಿಕ್ಕಿ ಊರಿನವರು. ನಿಕ್ಕಿ ಹಳೆಯ ಬಾರಿಬಾ ರಾಜರ ಊರು. ಅಲ್ಲಿ ವರ್ಷಕ್ಕೊಮ್ಮೆ ಗಾನಿ ಹಬ್ಬದಲ್ಲಿ ಕುದುರೆಗಳಿಗೆ ಬಣ್ಣದ ಬಟ್ಟೆ ಹೊದಿಸಿ ಓಡಿಸುತ್ತಾರೆ. ಅದರ ಒಂದು ಹಳೆ ಫೋಟೊ ತಗಡಿನ ಗೋಡೆಗೆ ಮೊಳೆ ಹೊಡೆದು ಹಾಕಿದ್ದಾರೆ. ಒನಕೆ ಹಾಕುವ ಹುಡುಗಿಯರಲ್ಲಿ ಒಬ್ಬಳು ಫೊನ್ ಮಾತಾಡುವವಳು, ದಕ್ಷಿಣದ ಬೊಹಿಕೊನ್‌ನಿಂದ ಬಂದವಳು. ಇನ್ನೊಬ್ಬಳ ಮನೆಮಾತು ದೆಂದಿ. ಮೂವರೂ ಒಬ್ಬರಿಗೊಬ್ಬರು ಫ್ರೆಂಚ್ ಬೆರೆಸಿ ಮಾತಾಡುತ್ತಾರೆ. ಸರ್ಕಾರದ ಭಾಷೆ ಫ್ರೆಂಚೇ.

ಬೆಂಚಿನಲ್ಲಿ ಜಾಗ ಹಿಡಿದ ಕೂಡಲೇ ಪಕ್ಕದವರು "ಬೊನ್ ಅಸ್ಸೀಜ್" ಅನ್ನುತ್ತಾರೆ, ಅಂದರೆ ಚೆನ್ನಾಗಿ ಕೂತುಕೊಳ್ಳಿ ಅಂತ. ನಮ್ಮಲ್ಲಿ ಮನೆಗೆ ಬಂದವರಿಗೆ "ಆಸರಿಗೆ ಬೇಕಾ" ಅಂತ ಕೇಳಿದ ಹಾಗೆ. ನಾಲ್ಕು ತಿಂಗಳಲ್ಲಿ ಒಬ್ಬರೂ ಇದನ್ನು ಹೇಳದೆ ಬಿಟ್ಟಿಲ್ಲ.

ಅದೇ ಬೆಂಚಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಸಿಗುತ್ತಿದ್ದರು. ದೇಶದ ಕಥೆ ನಾನು ಕಲಿತದ್ದು ಅವರಿಂದ. 1960ರ ಆಗಸ್ಟ್ 1ಕ್ಕೆ ಫ್ರೆಂಚರಿಂದ ಸ್ವಾತಂತ್ರ್ಯ ಬಂದಾಗ ದೇಶದ ಹೆಸರು ದಹೊಮೆ. ಅದು ದಕ್ಷಿಣದ ಅಬೊಮೆಯ ರಾಜರ ರಾಜ್ಯದ ಹೆಸರು. ಉತ್ತರದವರಿಗೆ ಅದು ತಮ್ಮದು ಅನ್ನಿಸುತ್ತಿರಲಿಲ್ಲ. 1972ರಲ್ಲಿ ಸೇನಾಧಿಕಾರಿ ಮಾತ್ಯೂ ಕೆರೆಕು ಅಧಿಕಾರ ಹಿಡಿದರು, ಅವರು ಉತ್ತರದವರು. 1975ರಲ್ಲಿ ಯಾರಿಗೂ ಸೇರದ ಕೊಲ್ಲಿಯ ಹೆಸರಿಟ್ಟರು, ಬೆನಿನ್. ಹಳೆಯ ಬೆನಿನ್ ರಾಜ್ಯ ಇದ್ದದ್ದು ಪಕ್ಕದ ನೈಜೀರಿಯಾದಲ್ಲಿ. ಬೆನಿನ್ ಕಂಚಿನ ಮೂರ್ತಿಗಳು ಅಂತ ಓದುತ್ತೇವಲ್ಲ, ಅವು ಅಲ್ಲಿನವು. ಇವರದ್ದು ಅಬೊಮೆ ಅರಮನೆಯಿಂದ ಫ್ರೆಂಚರು ಎತ್ತಿಕೊಂಡು ಹೋದದ್ದು. ಅದರಲ್ಲಿ 26 ವಸ್ತು 2021ರಲ್ಲಿ ವಾಪಸ್ ಬಂದವು.

ಮೇಷ್ಟ್ರ ಕಣ್ಣು ಹೊಳೆಯುತ್ತಿದ್ದದ್ದು 1990ರ ಮಾತು ಬಂದಾಗ. ಖಜಾನೆ ಖಾಲಿಯಾಗಿ ಮೇಷ್ಟ್ರುಗಳಿಗೆ ತಿಂಗಳುಗಟ್ಟಲೆ ಸಂಬಳ ಇರಲಿಲ್ಲ. ಜನ ಬೀದಿಗಿಳಿದರು. ಫೆಬ್ರವರಿಯಲ್ಲಿ ಕೊಟೊನುವಿನಲ್ಲಿ ರಾಷ್ಟ್ರೀಯ ಸಮ್ಮೇಳನ ಸೇರಿತು. ಎಲ್ಲ ಕಡೆಯವರೂ ಕೂತು ಮಾತಾಡಿ, ಗುಂಡು ಹಾರದೆ, ಏಕಪಕ್ಷದ ಆಡಳಿತ ಮುಗಿಸಿದರು. 1991ರ ಚುನಾವಣೆಯಲ್ಲಿ ಕೆರೆಕು ಸೋತರು, ಸೋಲು ಒಪ್ಪಿಕೊಂಡು ಕುರ್ಚಿ ಬಿಟ್ಟರು. 1996ರಲ್ಲಿ ಮತ್ತೆ ವೋಟು ಕೇಳಿ ಗೆದ್ದು ಬಂದರು. "ಸೋತವನು ಮನೆಗೆ ಹೋದ, ಅದನ್ನು ನಮ್ಮ ಕಣ್ಣಾರೆ ನೋಡಿದೆವು" ಅಂತ ಮೇಷ್ಟ್ರು ಮುದ್ದೆ ಚಿವುಟುತ್ತಾ ಹೇಳಿದ್ದು ನನ್ನ ಕಿವಿಯಲ್ಲಿದೆ.

ನಾನು ಹೋಗುವ ಮುಂಚೆಯಷ್ಟೇ, 2023ರ ಜನವರಿ 8ರಂದು, ಸಂಸತ್ತಿನ ಚುನಾವಣೆ ಮುಗಿದಿತ್ತು. ಗೋಡೆ ಮೇಲೆ ಪೋಸ್ಟರು ಇನ್ನೂ ಇದ್ದವು. 109 ಸೀಟು, ಅದರಲ್ಲಿ 24 ಹೆಂಗಸರಿಗೆ ಮೀಸಲು. 2019ರ ಸಂಸತ್ತಿನಲ್ಲಿ ವಿರೋಧ ಪಕ್ಷವೇ ಇರಲಿಲ್ಲ, ಈ ಸಲ 28 ಸೀಟು ಬಂತು. ಮೇಷ್ಟ್ರಿಗೆ ಅದು ಸಣ್ಣ ಸಮಾಧಾನ. ಆಗಿನ ಅಧ್ಯಕ್ಷ ಪಾತ್ರಿಸ್ ತಾಲೊನ್ ಹತ್ತಿ ವ್ಯಾಪಾರದಿಂದ ದೊಡ್ಡವರಾದವರು. ಅವರ ಬಗ್ಗೆ ಮಾತ್ರ ಬೆಂಚಿನಲ್ಲಿ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು. ರಸ್ತೆ ಚೆನ್ನಾಗಾಯಿತು ಅಂತ ಕೆಲವರು, ಬಾಯಿ ಕಟ್ಟಿದರು ಅಂತ ಕೆಲವರು.

ಮಧ್ಯಾಹ್ನ ಒಂದು ಗಂಟೆಗೆ ಲಾರಿ ಡ್ರೈವರುಗಳು ಬರುತ್ತಿದ್ದರು. ಕೊಟೊನು ಬಂದರಿನಿಂದ ಸರಕು ತುಂಬಿಕೊಂಡು ಗಡಿ ಊರಾದ ಮಲಾನ್‌ವಿಲ್ ದಾಟಿ ನೈಜರ್‌ಗೆ ಹೋಗುವವರು. ನೈಜರ್‌ಗೆ ಸಮುದ್ರ ಇಲ್ಲ, ಆಗ ಅವರ ಅಕ್ಕಿ ಸಕ್ಕರೆ ಹೆಚ್ಚಾಗಿ ಇದೇ ದಾರಿಯಲ್ಲಿ ಹೋಗುತ್ತಿತ್ತು. ಕೆಳಗಿನಿಂದ ಬಂದ ರೈಲು ಹಳಿ ಪರಾಕುವಿನಲ್ಲೇ ನಿಂತಿದೆ, ನಾನಿದ್ದಷ್ಟು ದಿನ ಅದರ ಮೇಲೆ ರೈಲು ಕಾಣಲಿಲ್ಲ. ಹೀಗಾಗಿ ಪರಾಕು ಲಾರಿಗಳ ಊರು. ಫೆಬ್ರವರಿ, ಮಾರ್ಚಿನಲ್ಲಿ ಹತ್ತಿ ಲಾರಿಗಳು ಹೋಗಿ ಹೋಗಿ ರಸ್ತೆ ಬದಿಯ ಹುಲ್ಲಿನಲ್ಲೆಲ್ಲ ಬಿಳಿ ಹತ್ತಿ ಸಿಕ್ಕಿಕೊಂಡಿರುತ್ತದೆ. ದೇಶಕ್ಕೆ ಹೊರಗಿನ ದುಡ್ಡು ತರುವುದರಲ್ಲಿ ಹತ್ತಿ ಮೊದಲು. ಗೇರುಬೀಜವೂ ಆ ಪಟ್ಟಿಯಲ್ಲಿ ಮೇಲೇ ಇದೆ.

ಪೆಟ್ರೋಲ್ ಕಥೆ ಇನ್ನೊಂದು. ರಸ್ತೆ ಬದಿ ಗಾಜಿನ ಬಾಟಲಿಗಳಲ್ಲಿ ಚಿನ್ನದ ಬಣ್ಣದ್ದು ಸಾಲಾಗಿ ಇಟ್ಟಿರುತ್ತಾರೆ. ನಾನು ಜೇನುತುಪ್ಪ ಅಂದುಕೊಂಡಿದ್ದೆ. ಅದು ಕ್ಪಾಯೊ, ನೈಜೀರಿಯಾದಿಂದ ಗಡಿ ದಾಟಿ ಬರುವ ಅಗ್ಗದ ಪೆಟ್ರೋಲ್. ಮೇ 29ಕ್ಕೆ ನೈಜೀರಿಯಾದ ಹೊಸ ಅಧ್ಯಕ್ಷರು ಸಬ್ಸಿಡಿ ಮುಗಿಯಿತು ಅಂದರು. ಎರಡೇ ದಿನದಲ್ಲಿ ಪರಾಕುವಿನ ಬಾಟಲಿಗಳು ಖಾಲಿ. 200 ಫ್ರಾಂಕಿಗೆ ನನ್ನನ್ನು ಹೋಟೆಲಿಗೆ ಬಿಡುತ್ತಿದ್ದ ಬೈಕಿನ ಹುಡುಗ 300 ಕೇಳಿದ. ಬಾಡಿಗೆ ಬೈಕಿಗೆ ಅಲ್ಲಿ ಜೆಮಿಜಾನ್ ಅನ್ನುತ್ತಾರೆ. ಫೊನ್ ಭಾಷೆಯಲ್ಲಿ ಅದರ ಅರ್ಥ ನನ್ನನ್ನು ಬೇಗ ಕರೆದುಕೊಂಡು ಹೋಗು ಅಂತ. ಮಮಾಂ ಮಾತ್ರ ಆ ವಾರ ಊಟದ ಬೆಲೆ ಏರಿಸಲಿಲ್ಲ.

ಈಗ ಕೊರತೆಗಳು. ನೊಣ ಇದೆ, ಜಾಸ್ತಿಯೇ ಇದೆ. ಕೈ ತೊಳೆಯಲು ಪ್ಲಾಸ್ಟಿಕ್ ಕೆಟಲಿನಲ್ಲಿ ನೀರು ಕೊಡುತ್ತಾರೆ, ಸೋಪು ಕೇಳಿ ತೆಗೆದುಕೊಳ್ಳಬೇಕು. ಕುಡಿಯುವ ನೀರು ಪೊಟ್ಟಣದಲ್ಲಿ ಬರುತ್ತದೆ, ನಾನು ಮನೆಯಿಂದ ಬಾಟಲಿ ಒಯ್ಯುತ್ತಿದ್ದೆ. ಖಾರ ಕೆಲವು ದಿನ ಮಿತಿ ಮೀರುತ್ತದೆ. ವಗಾಸಿ 1 ಗಂಟೆಗೆಲ್ಲ ಮುಗಿಯುತ್ತದೆ, ತಡ ಮಾಡಿದರೆ ಬರೀ ಮುದ್ದೆ ಸಾರು. ಏಪ್ರಿಲ್ ಬಿಸಿಲಿಗೆ ಮೇವು ಒಣಗಿ ಹಾಲು ಕಮ್ಮಿಯಾದಾಗ ಬಿಲ್ಲೆಯೂ ಚಿಕ್ಕದಾಯಿತು. ದೊಡ್ಡ ನೋಟು ಕೊಟ್ಟರೆ ಚಿಲ್ಲರೆ ಇರುವುದಿಲ್ಲ.

ಇನ್ನೊಂದು ವಿಷಯ. ಮಮಾಂ ಮುಸಲ್ಮಾನರು. ಆ ವರ್ಷ ಮಾರ್ಚ್ ಕೊನೆಯಲ್ಲಿ ರಂಜಾನ್ ಶುರುವಾಯಿತು, ಒಂದು ತಿಂಗಳು ಹಗಲು ಒಲೆ ಹಚ್ಚಲಿಲ್ಲ. ಗೇರುಬೀಜದ ಕೆಲಸ ಜೋರಾಗಿರುವ ಸಮಯ ಅದು. ದಿನಕ್ಕೆ ನಲವತ್ತು ಚೀಲದಿಂದ ಸ್ಯಾಂಪಲ್ ತೆಗೆದು, ಬೀಜ ಕತ್ತರಿಸಿ, 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬೀಳುತ್ತದೆ ಅಂತ ಲೆಕ್ಕ ಹಾಕಿ ಮುಗಿಸುವಾಗ ಬೆರಳೆಲ್ಲ ಗೇರೆಣ್ಣೆಯಿಂದ ಕಪ್ಪು. ಆ ದಿನಗಳಲ್ಲಿ ಮಧ್ಯಾಹ್ನಕ್ಕೆ ನನ್ನ ಕುಚ್ಚಲಕ್ಕಿ ಗಂಜಿಯೇ ಗತಿ. ಆದರೆ ಸಂಜೆ ಸೂರ್ಯ ಮುಳುಗಿದ ಮೇಲೆ ಅಲ್ಲಿಗೆ ಹೋದರೆ ಜೋಳದ ಬಿಸಿ ಅಂಬಲಿ, ಅದಕ್ಕೆ ಸ್ವಲ್ಪ ಸಕ್ಕರೆ. ಉಪವಾಸ ಇಲ್ಲದ ನನಗೂ ಎಲ್ಲರ ಜೊತೆ ಲೋಟ ಕೊಡುತ್ತಿದ್ದರು. ದುಡ್ಡು ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ.

2024ರ ಏಪ್ರಿಲ್ 1ರಿಂದ ಬೆನಿನ್ ಸರ್ಕಾರ ಸುಲಿಯದ ಗೇರುಬೀಜವನ್ನು ಹೊರದೇಶಕ್ಕೆ ಕಳುಹಿಸುವುದನ್ನು ನಿಲ್ಲಿಸಿದೆ. ಕೊಟೊನು ಹತ್ತಿರದ ಗ್ಲೊ ಜಿಗ್ಬೆಯಲ್ಲಿ ದೊಡ್ಡ ಕೈಗಾರಿಕಾ ವಲಯ ಕಟ್ಟಿದ್ದಾರೆ. ಬೀಜ ಅಲ್ಲೇ ಸುಲಿದು, ತಿರುಳನ್ನು ಮಾತ್ರ ಮಾರಬೇಕು, ಹತ್ತಿಯೂ ಅಲ್ಲೇ ಬಟ್ಟೆಯಾಗಬೇಕು ಅನ್ನುವುದು ಅವರ ಲೆಕ್ಕ. ಇದರಿಂದ ಮಂಗಳೂರು, ಕಾರ್ಕಳ, ಕುಂದಾಪುರದ ಫ್ಯಾಕ್ಟರಿಗಳಿಗೆ ಪೆಟ್ಟು. ನಮ್ಮಲ್ಲಿ ಬೆಳೆಯುವ ಬೀಜ ನಮಗೆ ಸಾಲುವುದಿಲ್ಲ, ಆಫ್ರಿಕಾದ್ದು ಬೇಕೇ ಬೇಕು. ನನಗೂ ಆಮೇಲೆ ಪರಾಕುವಿಗೆ ಹೋಗುವ ಕೆಲಸ ಬರಲಿಲ್ಲ. ಆದರೂ ಅವರು ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಮಮಾಂ ಅವರ ತಂಗಿಯ ಮಗಳು ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ತೆಗೆಯುವ ಕೆಲಸಕ್ಕೆ ಸೇರಿದ್ದಳು. ಒಂದು ದಿನ ಹೋಟೆಲಿಗೆ ಬಂದವಳು ಕೈ ತೋರಿಸಿದಳು. ನಮ್ಮೂರಲ್ಲಿ ಫ್ಯಾಕ್ಟರಿ ಬಸ್ಸಿನಿಂದ ಇಳಿಯುವ ಹೆಂಗಸರ ಕೈಯೂ ಹಾಗೇ ಇರುತ್ತದೆ, ಉಗುರಿನ ಸಂದಿಯಲ್ಲಿ ಕಪ್ಪು ಗೆರೆ. ಆ ಸಂಬಳ ಅವಳ ಊರಲ್ಲೇ ಸಿಗಲಿ.

ಗೆಳೆಯರೊಬ್ಬರು ಬೇರೆ ವ್ಯಾಪಾರಕ್ಕೆ ಈಚೆಗೆ ಪರಾಕುವಿಗೆ ಹೋಗಿದ್ದರು. ಹೋಟೆಲು ಅದೇ ಮಾವಿನ ಮರದಡಿ ಇದೆಯಂತೆ. ಮುದ್ದೆ 400 ಫ್ರಾಂಕ್ ಆಗಿದೆಯಂತೆ.

ನೀವು ಹೋಗುವುದಾದರೆ 12 ಗಂಟೆಯ ಒಳಗೆ ಹೋಗಿ. ಬೆಂಚಿನಲ್ಲಿದ್ದವರಿಗೆ ಮೊದಲು ಬೊಂಜೂರ್ ಹೇಳಿ, ಹೇಳದೆ ಕೂತರೆ ಅಲ್ಲಿ ಒರಟುತನ. ಸಸ್ಯಾಹಾರಿಗಳಾದರೆ ಈ ಸಾಲು ಬಾಯಿಪಾಠ ಮಾಡಿಕೊಳ್ಳಿ: "ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಕ್ರೆವೆತ್, ಸಾಂ ಕ್ಯೂಬ್." ಮಾಂಸ ಬೇಡ, ಮೀನು ಬೇಡ, ಸಿಗಡಿ ಬೇಡ, ಕ್ಯೂಬು ಬೇಡ. ಆಮೇಲೆ ಶೇಂಗಾ ಸಾರು, ಕುಟ್ಟಿದ ಗೆಣಸು, ವಗಾಸಿ ಎರಡು ತುಂಡು ಅಂತ ಕೇಳಿ. ಕುಡಿಯಲು ಪಕ್ಕದ ಹುಡುಗಿಯ ಹತ್ತಿರ ಬಿಸ್ಸಾಪ್ ಸಿಗುತ್ತದೆ, ನಮ್ಮ ಪುಂಡಿ ಜಾತಿಯ ಹೂವಿನ ಕೆಂಪು ಶರಬತ್ತು, ಹುಳಿ ಸಿಹಿ. ಒಲೆ ಪಕ್ಕ ಒಂದು ಸಣ್ಣ ಅಲ್ಯೂಮಿನಿಯಂ ಪಾತ್ರೆ ಕಂಡರೆ, ಗೇರುಬೀಜದ ಇಂಡಿಯನ್ ಕೇಳಿದ್ದಾನೆ ಅಂತ ಮಮಾಂ ಅವರಿಗೆ ಹೇಳಿ.